ಎರಡನೆಯ ಬಿಸಿಗೆಂದೇ ಮಾಡುವ ಅಡುಗೆ

ಈ ಸಂಚಿಕೆಗೆ ಆಯ್ದುಕೊಂಡ ಪ್ರಶ್ನೆಗಳೆಲ್ಲವೂ ಒಂದೇ ವಿಷಯದ ಸುತ್ತ ಇವೆ. ಮನೆಯಲ್ಲಿ ಮುಂಚಿತವಾಗಿ ಅಡುಗೆ ಮಾಡಿಟ್ಟು, ಬೇಕಾದಾಗ ಮೈಕ್ರೋವೇವ್ ಓವನ್‌ನಲ್ಲಿ ಬಿಸಿಮಾಡಿ ಉಣ್ಣುವ ಮನೆಗಳು ಹೆಚ್ಚುತ್ತಿವೆ. ಆದರೆ ಹೀಗೆ ಬಿಸಿಮಾಡಿದ ಊಟ ಸಪ್ಪೆ, ಒಣಕಲು ಎಂಬ ದೂರು ಬಹುತೇಕ ಪತ್ರಗಳಲ್ಲಿದೆ. ತಪ್ಪು ಹೆಚ್ಚಿನ ಸಲ ಬಿಸಿಮಾಡುವಾಗ ಆಗುವುದಲ್ಲ, ಅಡುಗೆ ಮಾಡುವಾಗಲೇ ಆಗಿರುತ್ತದೆ ಎಂಬುದು ನನ್ನ ಅನುಭವ. ಒಲೆಯಿಂದ ಇಳಿಸಿದ ಕೂಡಲೇ ಬಡಿಸುವ ಅಡುಗೆಯ ಹದವೇ ಬೇರೆ, ಇನ್ನೊಮ್ಮೆ ಬಿಸಿಯಾಗಬೇಕಾದ ಅಡುಗೆಯ ಹದವೇ ಬೇರೆ.

ಪ್ರಶ್ನೆ: ರಜೆಯ ದಿನ ವಾರಕ್ಕಾಗುವಷ್ಟು ಅಡುಗೆ ಮಾಡಿ ಡಬ್ಬಿಗಳಲ್ಲಿ ತುಂಬಿಡುತ್ತೇನೆ. ಬಿಸಿಮಾಡಿ ಮುಚ್ಚಳ ತೆಗೆದರೆ ಅಂಚಿನಲ್ಲಿ ಕೊತಕೊತ ಕುದಿಯುತ್ತಿರುತ್ತದೆ, ನಡುವೆ ಕೈ ಹಾಕಿದರೆ ಮಂಜುಗಡ್ಡೆಯಂತೆ ತಣ್ಣಗಿರುತ್ತದೆ. ನನ್ನ ಓವನ್ ಕೆಟ್ಟಿದೆಯೇ?

ಉತ್ತರ: ಓವನ್ ಕೆಟ್ಟಿಲ್ಲ, ಅದು ತನ್ನ ಸ್ವಭಾವಕ್ಕೆ ತಕ್ಕಂತೆಯೇ ಕೆಲಸ ಮಾಡುತ್ತಿದೆ. ಒಲೆಯ ಮೇಲೆ ಮೊದಲು ಪಾತ್ರೆ ಕಾಯುತ್ತದೆ, ಆಮೇಲೆ ಪಾತ್ರೆಯಿಂದ ಅಡುಗೆಗೆ ಬಿಸಿ ಹತ್ತುತ್ತದೆ. ಮೈಕ್ರೋವೇವ್‌ನಲ್ಲಿ ಹಾಗಲ್ಲ. ಮ್ಯಾಗ್ನೆಟ್ರಾನ್ ಎಂಬ ಭಾಗದಿಂದ ಹೊರಡುವ, ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುವ ಅಲೆಗಳು ಗಾಜು, ಪಿಂಗಾಣಿಯ ಪಾತ್ರೆಯನ್ನೂ ಒಳಗಿನ ಗಾಳಿಯನ್ನೂ ಹೆಚ್ಚುಕಡಿಮೆ ಹಾಗೆಯೇ ದಾಟಿಹೋಗಿ, ಆಹಾರದೊಳಗಿನ ನೀರಿನ ಅಣುಗಳನ್ನು ಅತ್ತಿತ್ತ ತಿರುಗಿಸುತ್ತವೆ. ಆ ಚಲನೆಯೇ ಬಿಸಿಯಾಗುತ್ತದೆ. ಆದರೆ ಈ ಅಲೆಗಳು ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್ ಆಳ ಇಳಿಯುವಷ್ಟರಲ್ಲಿ ಬಹುಪಾಲು ಶಕ್ತಿಯನ್ನು ಕಳೆದುಕೊಂಡಿರುತ್ತವೆ. ಅದಕ್ಕಿಂತ ಒಳಗಿರುವ ಭಾಗಕ್ಕೆ ಬಿಸಿ ತಲುಪಬೇಕಾದರೆ ಹೊರಗಿನಿಂದ ನಿಧಾನವಾಗಿ ಹರಿದೇ ಬರಬೇಕು. ಎತ್ತರದ ಡಬ್ಬಿಯಲ್ಲಿ ಒತ್ತಿ ತುಂಬಿದ ಅನ್ನದ ನಡುಭಾಗ ಮೂರು ನಿಮಿಷದಲ್ಲಿ ಬಿಸಿಯಾಗದಿರುವುದಕ್ಕೆ ಇದೇ ಕಾರಣ.

ಇದರ ಜೊತೆಗೆ ಇನ್ನೆರಡು ತೊಡಕುಗಳಿವೆ. ಈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಓವನ್‌ನ ಲೋಹದ ಗೋಡೆಗಳಿಗೆ ತಾಗಿ ಹಿಂದಿರುಗುವ ಅಲೆಗಳು ಒಂದರೊಡನೊಂದು ಸೇರಿದಾಗ ಕೆಲವು ಕಡೆ ಬಲವಾಗುತ್ತವೆ, ಕೆಲವು ಕಡೆ ಇಲ್ಲವಾಗುತ್ತವೆ. ತಿರುಗುವ ತಟ್ಟೆ ಇರುವುದು ಈ ವ್ಯತ್ಯಾಸವನ್ನು ತಗ್ಗಿಸುವುದಕ್ಕೆ, ಆದರೆ ತಟ್ಟೆಯ ನಟ್ಟನಡುವೆ ಇಟ್ಟ ಪದಾರ್ಥ ಇದ್ದಲ್ಲೇ ಇರುತ್ತದೆ. ಎರಡನೆಯದು ಮಂಜುಗಡ್ಡೆಯ ವಿಚಾರ. ಗಡ್ಡೆಕಟ್ಟಿದ ನೀರಿನ ಅಣುಗಳು ಅಲುಗಾಡದಂತೆ ಬಿಗಿದುಕೊಂಡಿರುವುದರಿಂದ ಮಂಜುಗಡ್ಡೆ ಈ ಅಲೆಗಳನ್ನು ಬಹಳ ಕಡಿಮೆ ಹೀರುತ್ತದೆ, ದ್ರವರೂಪದ ನೀರು ಧಾರಾಳವಾಗಿ ಹೀರುತ್ತದೆ. ಆದ್ದರಿಂದ ಫ್ರೀಜರ್‌ನಿಂದ ತೆಗೆದ ಡಬ್ಬಿಯಲ್ಲಿ ಮೊದಲು ಕರಗಿದ ಅಂಚು ಮತ್ತಷ್ಟು ಬಿಸಿಯನ್ನು ತಾನೇ ಹೀರಿಕೊಂಡು ಕುದಿಯತೊಡಗುತ್ತದೆ. ನಡುವಿನ ಗಡ್ಡೆ ಗಡ್ಡೆಯಾಗಿಯೇ ಉಳಿಯುತ್ತದೆ.

ಇಷ್ಟು ತಿಳಿದರೆ ಪರಿಹಾರ ಹೊಳೆಯುತ್ತದೆ. ಎತ್ತರದ ಡಬ್ಬಿಗೆ ಬದಲಾಗಿ ಅಗಲವಾದ, ತಗ್ಗಾದ ಡಬ್ಬಿ ಬಳಸಿ, ಅಡುಗೆಯ ದಪ್ಪ ನಾಲ್ಕು ಸೆಂಟಿಮೀಟರ್ ಮೀರದಂತೆ ಹರಡಿ. ಮೇಲಿನಿಂದಲೂ ಕೆಳಗಿನಿಂದಲೂ ಅಲೆಗಳು ಇಳಿಯುವುದರಿಂದ ಆ ದಪ್ಪಕ್ಕೆ ಬಿಸಿ ಚೆನ್ನಾಗಿ ತಲುಪುತ್ತದೆ. ಚೌಕದ ಡಬ್ಬಿಗಿಂತ ದುಂಡನೆಯದು ಮೇಲು, ಏಕೆಂದರೆ ಚೌಕದ ಮೂಲೆಗಳಿಗೆ ಎರಡು ಬದಿಯಿಂದ ಅಲೆ ತಾಗಿ ಆ ಭಾಗ ಬೇಗ ಒಣಗುತ್ತದೆ. ತಟ್ಟೆಯಲ್ಲಿ ಬಿಸಿಮಾಡುವುದಾದರೆ ನಡುವೆ ಗುಳಿಮಾಡಿ ಅಡುಗೆಯನ್ನು ಬಳೆಯಂತೆ ಸುತ್ತಲೂ ಹರಡಿ, ಗಟ್ಟಿಯಾದ ತುಂಡುಗಳು ಹೊರಗೂ ಮೆತ್ತನೆಯವು ಒಳಗೂ ಇರಲಿ, ತಟ್ಟೆಯನ್ನು ಓವನ್‌ನ ನಡುವಿಗಿಂತ ತುಸು ಬದಿಗೆ ಸರಿಸಿ ಇಡಿ.

ಓವನ್‌ನ ಶಕ್ತಿಯನ್ನು ಕಡಿಮೆ ಮಾಡುವ ಗುಂಡಿಯನ್ನು ಬಹಳ ಜನ ಮುಟ್ಟುವುದೇ ಇಲ್ಲ, ನನ್ನ ಮಟ್ಟಿಗೆ ಅದೇ ಇಡೀ ಯಂತ್ರದ ಅತ್ಯುಪಯುಕ್ತ ಗುಂಡಿ. ಅರ್ಧ ಶಕ್ತಿಗೆ ಇಟ್ಟು ಬಾಗಿಲ ಬಳಿ ಕಿವಿಗೊಟ್ಟು ಕೇಳಿ: ಗುಂಯ್ ಎನ್ನುವ ಸದ್ದು ಕೆಲವು ಸೆಕೆಂಡು ಬಂದು, ಕೆಲವು ಸೆಕೆಂಡು ನಿಂತು, ಮತ್ತೆ ಬರುತ್ತದೆ. ಹೆಚ್ಚಿನ ಓವನ್‌ಗಳು ಶಕ್ತಿಯನ್ನು ಕಡಿಮೆ ಮಾಡುವುದು ಹೀಗೆ, ಪೂರ್ಣ ಬಲದ ಅಲೆಗಳನ್ನು ಬಿಟ್ಟು ಬಿಟ್ಟು ಹಾಯಿಸಿ. ಇನ್ವರ್ಟರ್ ಎಂಬ ಭಾಗ (ಕರೆಂಟು ಹೋದಾಗ ಬಳಸುವ ಇನ್ವರ್ಟರ್ ಅಲ್ಲ) ಒಳಗೇ ಇರುವ ಓವನ್‌ಗಳಲ್ಲಿ ಮಾತ್ರ ಅಲೆಯ ಬಲವೇ ತಗ್ಗುತ್ತದೆ. ಹೇಗೇ ಆಗಲಿ, ಅಂಚಿನ ಬಿಸಿ ನಡುವಿಗೆ ಹರಿಯುವುದಕ್ಕೆ ಸಮಯ ಸಿಗುತ್ತದೆ. ಗಡ್ಡೆಕಟ್ಟಿದ್ದನ್ನು ಮೊದಲು ಕಡಿಮೆ ಶಕ್ತಿಯಲ್ಲಿ ಕರಗಿಸಿ, ಒಮ್ಮೆ ಸೌಟಿನಿಂದ ಅಂಚನ್ನು ನಡುವಿಗೂ ನಡುವನ್ನು ಅಂಚಿಗೂ ತಿರುಗಿಸಿ, ಆಮೇಲೆ ಪೂರ್ಣ ಶಕ್ತಿಯಲ್ಲಿ ಬಿಸಿಮಾಡಿ. ಓವನ್ ನಿಂತ ಮೇಲೂ ಮುಚ್ಚಳ ತೆಗೆಯದೆ ಎರಡು ನಿಮಿಷ ಬಿಡಿ. ಬಿಸಿ ಎಲ್ಲೆಡೆ ಸಮನಾಗುವುದು ಆ ಎರಡು ನಿಮಿಷಗಳಲ್ಲಿ.

ಪ್ರಶ್ನೆ: ಫ್ರಿಜ್‌ನಲ್ಲಿಟ್ಟ ಅನ್ನ ಮರುದಿನ ಹರಳುಹರಳಾಗುತ್ತದೆ. ಬಿಸಿಮಾಡಿದರೂ ಮೊದಲಿನ ಮೃದುತ್ವ ಬರುವುದಿಲ್ಲ. ಅಕ್ಕಿಯ ದೋಷವೇ?

ಉತ್ತರ: ಅಕ್ಕಿಯದಲ್ಲ, ಪಿಷ್ಟದ ಗುಣ. ಬೇಯುವಾಗ ಅಕ್ಕಿಯ ಪಿಷ್ಟ ನೀರು ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಆರಿದ ಮೇಲೆ ಅದೇ ಪಿಷ್ಟದ ಎಳೆಗಳು ಮತ್ತೆ ಒತ್ತಾಗಿ ಜೋಡಿಸಿಕೊಂಡು, ಹಿಡಿದಿಟ್ಟಿದ್ದ ನೀರನ್ನು ಹೊರದೂಡುತ್ತವೆ. ಈ ಕ್ರಿಯೆ ಅತ್ಯಂತ ಚುರುಕಾಗಿ ನಡೆಯುವುದು ನೀರು ಗಡ್ಡೆಕಟ್ಟುವ ಮಟ್ಟಕ್ಕಿಂತ ತುಸು ಮೇಲಿನ ಉಷ್ಣಾಂಶದಲ್ಲಿ, ಅಂದರೆ ಫ್ರಿಜ್‌ನ ಒಳಗಿರುವ ತಂಪಿನಲ್ಲೇ. ಮರುದಿನದ ಅನ್ನದ ಒಂದು ಅಗುಳನ್ನು ಬೆರಳುಗಳ ನಡುವೆ ಹಿಸುಕಿ ನೋಡಿ. ಅದು ಬಿಸಿ ಅನ್ನದಂತೆ ಚಪ್ಪಟೆಯಾಗುವುದಿಲ್ಲ, ಮುರಿದು ಪುಡಿಯಾಗುತ್ತದೆ. ಅಗುಳಿನೊಳಗೆ ನೀರಿದೆ, ಆದರೆ ಅದು ಪಿಷ್ಟದ ಹಿಡಿತದಿಂದ ಬಿಟ್ಟುಹೋಗಿದೆ.

ಒಳ್ಳೆಯ ಸಂಗತಿಯೆಂದರೆ ಈ ಬದಲಾವಣೆಯ ಬಹುಪಾಲನ್ನು ಹಿಂದಕ್ಕೆ ತರಬಹುದು. ಅದಕ್ಕೆ ಬೇಕಾದುದು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿ ಮತ್ತು ನೀರು. ಒಂದು ಬಟ್ಟಲು ಅನ್ನಕ್ಕೆ ಒಂದು ದೊಡ್ಡ ಚಮಚ ನೀರನ್ನು ಎಲ್ಲ ಕಡೆ ಚಿಮುಕಿಸಿ, ಗಂಟುಗಳನ್ನು ಬಿಡಿಸಿ, ಹಬೆ ಹೋಗಲು ಸಣ್ಣ ಸಂದು ಬಿಟ್ಟು ಮುಚ್ಚಿ ಬಿಸಿಮಾಡಿ. ಮುಚ್ಚದೆ ಬಿಸಿಮಾಡಿದರೆ ಚಿಮುಕಿಸಿದ ನೀರೆಲ್ಲ ಆವಿಯಾಗಿ ಹೋಗಿ ಅನ್ನ ಮೊದಲಿಗಿಂತಲೂ ಒಣಗುತ್ತದೆ.

ನನ್ನ ಸಲಹೆ ಕೇಳಿದರೆ ಅನ್ನವನ್ನು ಫ್ರಿಜ್‌ನಲ್ಲಿ ಇಡುವುದಕ್ಕಿಂತ ಫ್ರೀಜರ್‌ನಲ್ಲಿಡುವುದು ಲೇಸು. ಗಡ್ಡೆಕಟ್ಟಿದ ಸ್ಥಿತಿಯಲ್ಲಿ ಪಿಷ್ಟದ ಮರುಜೋಡಣೆ ಬಹುತೇಕ ನಿಂತುಹೋಗುವುದರಿಂದ, ತಿಂಗಳ ಹಿಂದಿನ ಅನ್ನವೂ ನೇರವಾಗಿ ಓವನ್‌ಗೆ ಹೋಗಿ ಬಂದಾಗ ನಿನ್ನೆ ಫ್ರಿಜ್‌ನಲ್ಲಿಟ್ಟ ಅನ್ನಕ್ಕಿಂತ ಮೃದುವಾಗಿರುತ್ತದೆ. ಒಂದು ಊಟಕ್ಕಾಗುವಷ್ಟನ್ನು ಎರಡು ಸೆಂಟಿಮೀಟರ್ ದಪ್ಪದ ಚಪ್ಪಟೆ ಪೊಟ್ಟಣವಾಗಿ ಮಾಡಿಟ್ಟರೆ ಬೇಗ ಗಡ್ಡೆಕಟ್ಟುತ್ತದೆ, ಬೇಗ ಬಿಸಿಯೂ ಆಗುತ್ತದೆ.

ಅನ್ನದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳಿರಬಹುದು. ಅವು ಕುದಿಯುವ ನೀರಿನಲ್ಲೂ ಸಾಯದೆ ಉಳಿಯಬಲ್ಲವು. ಅನ್ನ ಗಂಟೆಗಟ್ಟಲೆ ಬೆಚ್ಚಗೆ ಹೊರಗಿದ್ದರೆ ಅವು ಮೊಳೆತು ಹೆಚ್ಚಿ, ವಾಂತಿ ತರಿಸುವ ವಿಷವನ್ನು ಉತ್ಪತ್ತಿ ಮಾಡುತ್ತವೆ. ಆ ವಿಷ ಮತ್ತೆ ಬಿಸಿಮಾಡಿದರೂ ನಾಶವಾಗುವುದಿಲ್ಲ. "ಚೆನ್ನಾಗಿ ಬಿಸಿಮಾಡಿದರೆ ಸರಿಹೋಗುತ್ತದೆ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆಯ ಸಲಹೆಯಂತೆ ಅನ್ನವನ್ನು ಒಂದು ಗಂಟೆಯೊಳಗೆ ತಣಿಸಿ ಫ್ರಿಜ್‌ಗೆ ಸೇರಿಸಬೇಕು, 24 ಗಂಟೆಯೊಳಗೆ ತಿನ್ನಬೇಕು, ಒಂದಕ್ಕಿಂತ ಹೆಚ್ಚು ಸಲ ಬಿಸಿಮಾಡಬಾರದು.

ಪ್ರಶ್ನೆ: ಯಾವ ಅಡುಗೆಗಳು ಮೈಕ್ರೋವೇವ್‌ಗೆ ಒಗ್ಗುತ್ತವೆ, ಯಾವುವು ಒಗ್ಗುವುದಿಲ್ಲ ಎಂಬುದನ್ನು ಮೊದಲೇ ಗುರುತಿಸುವುದು ಹೇಗೆ?

ಉತ್ತರ: ಅಡುಗೆಯನ್ನು ನೋಡಿ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರ ರುಚಿ ಇರುವುದು ತೇವದಲ್ಲೋ, ಗರಿಗರಿಯಲ್ಲೋ? ತೇವದಲ್ಲಿದ್ದರೆ ನಿಶ್ಚಿಂತೆಯಿಂದ ಮಾಡಿಡಿ. ಬೇಳೆ, ಕಾಳು, ಗೆಡ್ಡೆಗೆಣಸು, ಕುಂಬಳ, ಟೊಮೇಟೊ, ಈರುಳ್ಳಿಯ ಗ್ರೇವಿ, ನಿಧಾನವಾಗಿ ಬೆಂದ ಮಾಂಸ, ಗಟ್ಟಿ ಸೂಪು, ಗಂಜಿ ಇವೆಲ್ಲ ಒಂದು ರಾತ್ರಿ ಕಳೆದ ಮೇಲೆ ರುಚಿ ಹೆಚ್ಚಿಸಿಕೊಳ್ಳುವ ಜಾತಿಯವು, ಏಕೆಂದರೆ ಉಪ್ಪು, ಹುಳಿ, ಮಸಾಲೆಗಳು ಆ ಹೊತ್ತಿನಲ್ಲಿ ಹೋಳುಗಳ ಒಳಕ್ಕೆ ಇಳಿದಿರುತ್ತವೆ.

ಗರಿಗರಿಯಾದುದನ್ನು ಮಾತ್ರ ಬಿಟ್ಟುಬಿಡಿ. ಎಣ್ಣೆಯಲ್ಲಿ ಕರಿದ ಪದಾರ್ಥದ ಹೊರಪದರ ಗರಿಯಾಗಿರುವುದು ಅಲ್ಲಿ ನೀರಿಲ್ಲದಿರುವುದರಿಂದ. ಮೈಕ್ರೋವೇವ್ ಒಳಗಿನ ನೀರನ್ನು ಆವಿಯಾಗಿಸಿ ಹೊರಕ್ಕೆ ತಳ್ಳುತ್ತದೆ, ಆ ಆವಿ ಹೊರಪದರಕ್ಕೆ ಇಳಿದು ಅದನ್ನು ಒದ್ದೆಮಾಡುತ್ತದೆ. ಓವನ್‌ನ ಗಾಳಿ ತಣ್ಣಗಿರುವುದರಿಂದ ಅದನ್ನು ಒಣಗಿಸುವ ಶಕ್ತಿ ಅಲ್ಲಿಲ್ಲ. ಅಂಥವನ್ನು ಬಾಣಲೆಯಲ್ಲೋ ಕಾವಲಿಯ ಮೇಲೋ ಬಿಸಿಮಾಡುವುದೇ ಸರಿ.

ತರಕಾರಿಗಳನ್ನು ಪೂರ್ತಿ ಬೇಯಿಸಬೇಡಿ. ಚಾಕುವಿನ ತುದಿ ಹೋಳಿನೊಳಗೆ ಹೋಗುವಾಗ ನಡುವಿನಲ್ಲಿ ಕೊಂಚ ತಡೆ ಸಿಗುವ ಹದದಲ್ಲಿ ಇಳಿಸಿಬಿಟ್ಟರೆ, ಉಳಿದ ಬೇಯುವಿಕೆ ಎರಡನೆಯ ಬಿಸಿಯಲ್ಲಿ ಮುಗಿಯುತ್ತದೆ. ಹಸಿರು ತರಕಾರಿಗಳಿಗೆ ಇದು ಇನ್ನೂ ಮುಖ್ಯ. ಹೋಳುಗಳನ್ನು ಒಂದೇ ಗಾತ್ರಕ್ಕೆ ಹೆಚ್ಚಿ. ಒಲೆಯ ಮೇಲೆ ಗಾತ್ರದ ವ್ಯತ್ಯಾಸವನ್ನು ಸೌಟು ಸರಿಪಡಿಸುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಸರಿಪಡಿಸುವವರು ಯಾರೂ ಇಲ್ಲ. ಪಾಸ್ತಾ ಮಾಡುವುದಾದರೆ ನಿಗದಿತ ಸಮಯಕ್ಕಿಂತ ಎರಡು ನಿಮಿಷ ಮೊದಲೇ ಬಸಿದು, ರಸವನ್ನು ತುಸು ಹೆಚ್ಚಾಗಿಯೇ ಬೆರೆಸಿ. ಫ್ರಿಜ್‌ನಲ್ಲಿರುವಾಗ ಅದು ರಸವನ್ನು ಹೀರುತ್ತಲೇ ಇರುತ್ತದೆ. ಬೇಳೆಯ ಅಡುಗೆಗೂ ಇದೇ ಮಾತು: ಇಂದು ತೆಳುವೆನಿಸುವ ಹದ ನಾಳೆಗೆ ಸರಿಹೋಗುತ್ತದೆ.

ಗ್ರೇವಿಯನ್ನು ಗಟ್ಟಿಮಾಡಲು ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಪಿಷ್ಟ) ಬೆರೆಸಿದ್ದರೆ ಫ್ರೀಜರ್‌ಗೆ ಹಾಕಬೇಡಿ, ಕರಗಿದಾಗ ನೀರು ಬೇರೆ ಗಸಿ ಬೇರೆ ಆಗುತ್ತದೆ. ಬೆಂದ ಆಲೂಗೆಡ್ಡೆಯನ್ನೋ ಬೇಳೆಯನ್ನೋ ಅರೆದು ಬೆರೆಸಿದರೆ ಆ ತೊಂದರೆ ಕಡಿಮೆ. ಮೊಸರು, ಕೆನೆ, ನಿಂಬೆರಸ, ಹಸಿ ಸೊಪ್ಪು ಇವುಗಳನ್ನು ಮೊದಲ ಅಡುಗೆಯಲ್ಲಿ ಹಾಕದೆ, ಬಿಸಿಮಾಡಿ ಬಡಿಸುವಾಗ ಬೆರೆಸಿ. ಒಡೆಯುವ ಭಯವೂ ಇರುವುದಿಲ್ಲ, ಊಟಕ್ಕೆ ಆಗತಾನೆ ಮಾಡಿದ ಕಳೆಯೂ ಬರುತ್ತದೆ. ರೊಟ್ಟಿ ಬ್ರೆಡ್ಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 10ರಿಂದ 15 ಸೆಕೆಂಡು ಮಾತ್ರ ಬಿಸಿಮಾಡಿ ಕೂಡಲೇ ತಿನ್ನಬೇಕು, ಆರಲು ಬಿಟ್ಟರೆ ಚರ್ಮದಂತೆ ಗಡುಸಾಗುತ್ತವೆ.

ಉಪ್ಪಿನ ಬಗೆಗೂ ಒಂದು ಮಾತು. ಉಪ್ಪು ಹೆಚ್ಚಿದ್ದಷ್ಟೂ ಅಲೆಗಳು ಮೇಲ್ಪದರದಲ್ಲೇ ಹೀರಲ್ಪಟ್ಟು ಒಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಮುಂಚಿತವಾಗಿ ಮಾಡಿಡುವ ಅಡುಗೆಗೆ ಉಪ್ಪನ್ನು ಒಂದು ಚಿಟಿಕೆ ಕಡಿಮೆ ಹಾಕಿ, ಬಿಸಿಯಾದ ಮೇಲೆ ಸರಿಮಾಡಿಕೊಳ್ಳಿ.

ಪ್ರಶ್ನೆ: ಕೋಳಿಮಾಂಸವನ್ನು ಮರುದಿನ ಬಿಸಿಮಾಡಿದರೆ ಕೆಟ್ಟಿಲ್ಲದಿದ್ದರೂ ಒಂದು ಬಗೆಯ ಹಳಸಲು ವಾಸನೆ ಬರುತ್ತದೆ, ನಾರುನಾರಾಗಿಯೂ ಇರುತ್ತದೆ. ಇದಕ್ಕೆ ಉಪಾಯವಿದೆಯೇ?

ಉತ್ತರ: ಆ ವಾಸನೆಯ ಬಗ್ಗೆ ಆಹಾರ ವಿಜ್ಞಾನಿಗಳು 1950ರ ದಶಕದಿಂದಲೇ ಬರೆಯುತ್ತ ಬಂದಿದ್ದಾರೆ. ಮಾಂಸ ಬೆಂದಾಗ ಜೀವಕೋಶಗಳು ಒಡೆದು, ಅವುಗಳ ಪೊರೆಯಲ್ಲಿದ್ದ ಕೊಬ್ಬಿನಂಶ ಹೊರಬರುತ್ತದೆ. ಮಾಂಸದಲ್ಲಿರುವ ಕಬ್ಬಿಣದ ಪ್ರೇರಣೆಯಿಂದ ಅದು ಗಾಳಿಯ ಆಮ್ಲಜನಕದೊಡನೆ ಬೇಗನೆ ಸೇರುತ್ತದೆ. ಕೋಳಿ, ಮೀನುಗಳ ಕೊಬ್ಬು ಹೀಗೆ ಕೆಡುವ ಸ್ವಭಾವದ್ದಾದ್ದರಿಂದ ಅವುಗಳಲ್ಲಿ ವಾಸನೆ ಹೆಚ್ಚು. ಗಾಳಿಯಿಂದ ದೂರವಿಡುವುದೇ ಉಪಾಯ. ಒಣದಾಗಿ ಹುರಿದ ತುಂಡುಗಳನ್ನು ಡಬ್ಬಿಯಲ್ಲಿ ಬಿಡಿಯಾಗಿ ಇಡಬೇಡಿ, ತುಂಡುಗಳು ಮುಳುಗುವಷ್ಟು ಗ್ರೇವಿ ಇರಲಿ. ಈರುಳ್ಳಿ, ಬೆಳ್ಳುಳ್ಳಿ, ಲವಂಗ, ಕಾಳುಮೆಣಸಿನಂಥ ಮಸಾಲೆಗಳೂ ಈ ಕ್ರಿಯೆಯನ್ನು ತಡೆಯುತ್ತವೆ.

ನಾರಾಗುವುದು ತುಂಡಿನ ಆಯ್ಕೆಯ ಫಲ. ಎದೆಯ ಮಾಂಸದಲ್ಲಿ ಕೊಬ್ಬೂ ಸ್ನಾಯುಬಂಧದ ಅಂಶವೂ ಕಡಿಮೆ, ಎರಡನೆಯ ಬಿಸಿಗೆ ಅದರ ನೀರೆಲ್ಲ ಹಿಂಡಿಹೋಗುತ್ತದೆ. ಕಾಲಿನ, ಭುಜದ ಭಾಗಗಳಲ್ಲಿರುವ ಕೊಲಾಜೆನ್ ಎಂಬ ಗಡುಸಾದ ಪ್ರೋಟೀನು ನಿಧಾನವಾಗಿ ಬೆಂದಾಗ ಜೆಲಟಿನ್ ಎಂಬ ಮೆತ್ತನೆಯ ಅಂಟಾಗುತ್ತದೆ. ತಣ್ಣಗಾದಾಗ ಗ್ರೇವಿ ಹಲ್ವದಂತೆ ಗಟ್ಟಿಯಾಗಿ ನಿಂತರೆ ಜೆಲಟಿನ್ ಚೆನ್ನಾಗಿ ಬಿಟ್ಟಿದೆ ಎಂದು ತಿಳಿಯಬಹುದು. ಬಿಸಿಮಾಡಿದಾಗ ಅದು ಕರಗಿ ತುಂಡುಗಳಿಗೆ ಮತ್ತೆ ಮೃದುತ್ವ ಕೊಡುತ್ತದೆ. ಮೀನನ್ನು ಮಾತ್ರ ಅಂದಂದಿಗೆ ಮಾಡಿ ಉಣ್ಣುವುದೇ ಒಳ್ಳೆಯದು.

ಪ್ರಶ್ನೆ: ಬಿಸಿ ಅಡುಗೆಯನ್ನು ಫ್ರಿಜ್‌ನಲ್ಲಿ ಇಡಬಾರದು ಎನ್ನುತ್ತಾರೆ. ಹಾಗೆಂದು ರಾತ್ರಿಯೆಲ್ಲ ಹೊರಗೆ ಆರಲು ಬಿಡುತ್ತೇನೆ. ಇದು ಸರಿಯೇ? ಎಷ್ಟು ದಿನ ಇಟ್ಟುಕೊಳ್ಳಬಹುದು?

ಉತ್ತರ: ರಾತ್ರಿಯೆಲ್ಲ ಹೊರಗೆ ಬಿಡುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಸೂಕ್ಷ್ಮಜೀವಿಗಳು ವೇಗವಾಗಿ ಹೆಚ್ಚುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೆಕೆ ಹೆಚ್ಚಾಗಿದ್ದಾಗ, 32 ಡಿಗ್ರಿ ಮೀರಿದ್ದರೆ, ಒಂದು ಗಂಟೆಯೇ ಮಿತಿ. ಸಮಸ್ಯೆ ಇರುವುದು ಬಿಸಿ ಅಡುಗೆಯಲ್ಲಲ್ಲ, ಒಂದೇ ದೊಡ್ಡ ಪಾತ್ರೆಯಲ್ಲಿ. ಐದು ಲೀಟರ್‌ನ ಪಾತ್ರೆಯ ನಡುಭಾಗ ಫ್ರಿಜ್‌ನೊಳಗೂ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅದನ್ನೇ ತಗ್ಗಿನ ಡಬ್ಬಿಗಳಿಗೆ ಹಂಚಿ, ಮುಚ್ಚಳವನ್ನು ಓರೆಯಾಗಿಟ್ಟು, ತಣ್ಣೀರು ತುಂಬಿದ ಅಗಲವಾದ ಪಾತ್ರೆಯಲ್ಲಿ ಕೂರಿಸಿದರೆ ಹಬೆಯಾಡುವುದು ಅರ್ಧ ಗಂಟೆಯೊಳಗೆ ನಿಲ್ಲುತ್ತದೆ. ಆಮೇಲೆ ಫ್ರಿಜ್‌ಗೆ ಸೇರಿಸಿ. ಬಿಸಿಮಾಡಲು ಅನುಕೂಲವೆಂದು ಮೇಲೆ ಹೇಳಿದ ತಗ್ಗಿನ ಡಬ್ಬಿಯೇ ತಣಿಸಲೂ ಅನುಕೂಲ.

ಫ್ರಿಜ್‌ನಲ್ಲಿ ಮೂರರಿಂದ ನಾಲ್ಕು ದಿನ, ಅನ್ನವಾದರೆ ಒಂದು ದಿನ. ವಾರದ ಅಡುಗೆ ಮಾಡುವವರು ಮೊದಲ ಮೂರು ದಿನದ್ದನ್ನು ಫ್ರಿಜ್‌ನಲ್ಲಿಟ್ಟು ಉಳಿದುದನ್ನು ಅದೇ ದಿನ ಫ್ರೀಜರ್‌ಗೆ ಹಾಕಬೇಕು. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿದ್ದರೆ ಆಹಾರ ಕೆಡುವುದಿಲ್ಲ, ಆದರೆ ರುಚಿಯ ದೃಷ್ಟಿಯಿಂದ ಎರಡು ಮೂರು ತಿಂಗಳೊಳಗೆ ಮುಗಿಸುವುದು ಒಳ್ಳೆಯದು. ಬಿಸಿಮಾಡುವಾಗ ನಡುಭಾಗವೂ 74 ಡಿಗ್ರಿ ತಲುಪಬೇಕು. ಆಹಾರದ ಥರ್ಮಾಮೀಟರ್ ಇದ್ದರೆ ಎರಡು ಮೂರು ಕಡೆ ಚುಚ್ಚಿ ನೋಡಿ, ಇಲ್ಲದಿದ್ದರೆ ಕಲಕಿದ ಮೇಲೆ ಎಲ್ಲ ಕಡೆಯಿಂದಲೂ ಜೋರಾಗಿ ಹಬೆ ಏಳುವವರೆಗೆ ಬಿಸಿಮಾಡಿ. ತಿನ್ನುವಷ್ಟನ್ನು ಮಾತ್ರ ಬಿಸಿಮಾಡಿ, ಉಳಿದುದನ್ನು ಮತ್ತೆ ಫ್ರಿಜ್‌ಗೆ ಕಳಿಸಬೇಡಿ.

ಪ್ರಶ್ನೆ: ಗೆಳತಿಯ ಓವನ್‌ನಲ್ಲಿ ಮೂರು ನಿಮಿಷಕ್ಕೆ ಬಿಸಿಯಾಗುವ ಊಟ ನಮ್ಮಲ್ಲಿ ಉಗುರುಬೆಚ್ಚಗಷ್ಟೇ ಆಗುತ್ತದೆ. ಏಕೆ?

ಉತ್ತರ: ಇಬ್ಬರ ಓವನ್‌ಗಳ ವ್ಯಾಟ್ ಬೇರೆಬೇರೆ. ಆಹಾರಕ್ಕೆ ಒದಗುವ ಶಕ್ತಿಯನ್ನು ಔಟ್‌ಪುಟ್ ಎಂದು ಬರೆದಿರುತ್ತಾರೆ, ಓವನ್ ವಿದ್ಯುತ್ತಿನಿಂದ ಎಳೆದುಕೊಳ್ಳುವ ಇನ್‌ಪುಟ್ ಇದಕ್ಕಿಂತ ಸಾಕಷ್ಟು ಹೆಚ್ಚಿರುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದುದು ಔಟ್‌ಪುಟ್. 1000 ವ್ಯಾಟ್‌ನಲ್ಲಿ 3 ನಿಮಿಷ ಬೇಕಾದ ಊಟಕ್ಕೆ 700 ವ್ಯಾಟ್‌ನಲ್ಲಿ ಸುಮಾರು 4 ನಿಮಿಷ 15 ಸೆಕೆಂಡು ಬೇಕು. ಎರಡು ಡಬ್ಬಿಗಳನ್ನು ಒಟ್ಟಿಗೆ ಇಟ್ಟರೆ ಅದೇ ಶಕ್ತಿ ಎರಡಕ್ಕೂ ಹಂಚಿಹೋಗುವುದರಿಂದ ಸಮಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಒಂದೊಂದಾಗಿ ಬಿಸಿಮಾಡುವುದೇ ವಾಸಿ.

ಪ್ರಶ್ನೆ: ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿಮಾಡಬಹುದೇ?

ಉತ್ತರ: ಮೈಕ್ರೋವೇವ್‌ಗೆ ಯೋಗ್ಯ ಎಂಬ ಗುರುತಿರುವ ಪ್ಲಾಸ್ಟಿಕ್ ಡಬ್ಬಿಗಳಿವೆ. ಆದರೂ ನಾನು ಪ್ಲಾಸ್ಟಿಕ್ಕನ್ನು ಸಂಗ್ರಹಕ್ಕೆ ಮಾತ್ರ ಬಳಸಿ, ಬಿಸಿಮಾಡಲು ಗಾಜಿಗೋ ಪಿಂಗಾಣಿಗೋ ಬಗ್ಗಿಸಿಕೊಳ್ಳುತ್ತೇನೆ. ನೀರಿನ ಅಂಶ 100 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಆದರೆ ಎಣ್ಣೆ, ಸಕ್ಕರೆಗಳು ಅದನ್ನೂ ಮೀರಿ ಕಾಯುತ್ತವೆ. ಎಣ್ಣೆ ತೇಲುವ ಗ್ರೇವಿ ಬಿಸಿಮಾಡಿದ ಡಬ್ಬಿಯ ಒಳಗೋಡೆಯಲ್ಲಿ, ಗ್ರೇವಿಯ ಮಟ್ಟಕ್ಕೆ ಸರಿಯಾಗಿ, ಉಜ್ಜಿದರೂ ಹೋಗದ ಕೆಂಪು ಗೆರೆಯೊಂದು ಮೂಡಿರುವುದನ್ನು ನೀವೂ ನೋಡಿರಬಹುದು. ಅಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ಎಣ್ಣೆಯನ್ನು ಹೀರಿಕೊಂಡಿದೆ. ಅಂಥ ಡಬ್ಬಿಯನ್ನು ಒಣ ಪದಾರ್ಥಕ್ಕೆ ಬಿಟ್ಟುಬಿಡಿ. ಮೆಲಮೈನ್ ತಟ್ಟೆಗಳನ್ನು ಓವನ್‌ನಲ್ಲಿ ಇಡಬಾರದು. ಚಿನ್ನ ಬೆಳ್ಳಿಯ ಅಂಚಿರುವ ಪಿಂಗಾಣಿಯಿಂದ ಕಿಡಿ ಹಾರುತ್ತದೆ. ಗಾಜಿನ ಡಬ್ಬಿಯನ್ನು ಫ್ರೀಜರ್‌ನಿಂದ ತೆಗೆದವರೇ ಪೂರ್ಣ ಶಕ್ತಿಯಲ್ಲಿ ಕಾಯಿಸಿದರೆ ಬಿರುಕು ಬಿಡಬಹುದು, ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಿಡಿ. ಯಾವುದೇ ಮುಚ್ಚಳವನ್ನೂ ಬಿಗಿಯಾಗಿ ಹಾಕಬೇಡಿ.

ಪ್ರಶ್ನೆ: ಬೇಯಿಸಿದ ಮೊಟ್ಟೆಯನ್ನು ಊಟದೊಂದಿಗೆ ಬಿಸಿಮಾಡಬಹುದೇ?

ಉತ್ತರ: ಇಡೀ ಮೊಟ್ಟೆಯನ್ನು ಬೇಡ. ಸಿಪ್ಪೆ ಸುಲಿದಿದ್ದರೂ ಹಳದಿಯ ಒಳಗಿನ ತೇವ ಕುದಿಯುವ ಬಿಸಿಗೂ ಮೀರಿ ಕಾದು, ಹಬೆಗೆ ದಾರಿಯಿಲ್ಲದೆ, ಓವನ್‌ನಿಂದ ತೆಗೆದು ಕಚ್ಚಿದ ಕ್ಷಣದಲ್ಲಿ ಸಿಡಿದು ಬಾಯಿ, ಮುಖ ಸುಡಬಹುದು. ನಾಲ್ಕು ಹೋಳು ಮಾಡಿ, ಬಿಸಿಯಾದ ಗ್ರೇವಿಗೆ ಹಾಕಿ ಎರಡು ನಿಮಿಷ ಮುಚ್ಚಿಡಿ, ಸಾಕು.

ಪ್ರಶ್ನೆ: ಮೈಕ್ರೋವೇವ್‌ನಿಂದ ಆಹಾರದ ಸತ್ವ ಹಾಳಾಗುತ್ತದೆ ಎಂದು ನಮ್ಮ ಅತ್ತೆಯವರು ಹೆದರುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಈ ಅಲೆಗಳು ರೇಡಿಯೋ ಅಲೆಗಳ ಬಳಗದವು. ಅವು ಆಹಾರವನ್ನು ಬಿಸಿಮಾಡುತ್ತವೆ, ಅದರಲ್ಲಿ ವಿಕಿರಣವನ್ನು ಉಳಿಸಿಹೋಗುವುದಿಲ್ಲ. ಸಿ ಜೀವಸತ್ವದಂಥವು ಕಡಿಮೆಯಾಗುವುದು ಬಿಸಿ, ಸಮಯ ಮತ್ತು ಬಸಿದು ಚೆಲ್ಲುವ ನೀರಿನಿಂದ. ಕಡಿಮೆ ಹೊತ್ತಿನಲ್ಲಿ, ಕಡಿಮೆ ನೀರಿನಲ್ಲಿ ಬಿಸಿಯಾಗುವ ಕಡೆ ನಷ್ಟವೂ ಕಡಿಮೆಯೇ. ಅವರು ಒಪ್ಪದಿದ್ದರೆ ಒತ್ತಾಯಿಸಬೇಡಿ, ಅವರ ಪಾಲನ್ನು ಒಲೆಯ ಮೇಲೆಯೇ ಬಿಸಿಮಾಡಿ ಕೊಡಿ. ಮನೆಯಲ್ಲಿ ಹಸುಗೂಸಿದ್ದರೆ ಅದರ ಹಾಲಿನ ಬಾಟಲಿಯನ್ನು ಮಾತ್ರ ಮೈಕ್ರೋವೇವ್‌ನಲ್ಲಿ ಇಡಬೇಡಿ. ಬಾಟಲಿ ಹೊರಗೆ ತಣ್ಣಗಿದ್ದು ಒಳಗೆ ಅಲ್ಲಲ್ಲಿ ಸುಡುವಷ್ಟು ಬಿಸಿಯಿರುತ್ತದೆ.

ಪ್ರಶ್ನೆ: ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ, ಒಬ್ಬರೇ ಇರುತ್ತಾರೆ. ತಿಂಗಳಿಗೊಮ್ಮೆ ಹೋಗಿ ಅವರ ಫ್ರೀಜರ್ ತುಂಬಿಸಿ ಬರಬೇಕೆಂದಿದ್ದೇನೆ. ಏನು ಮಾಡಿಟ್ಟರೆ ಅವರಿಗೆ ಸುಲಭ?

ಉತ್ತರ: ಕೆಲವು ವರ್ಷಗಳ ಹಿಂದೆ ನನ್ನ ಅಕ್ಕ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದಾಗ ನಾನೂ ಹೀಗೆಯೇ ಅವಳ ಫ್ರೀಜರ್ ತುಂಬಿಸಿದ್ದೆ. ಎತ್ತರದ ಡಬ್ಬಿಗಳು, ಒಂದೊಂದರಲ್ಲೂ ಇಬ್ಬರಿಗಾಗುವಷ್ಟು ಅಡುಗೆ. ಎರಡು ವಾರ ಬಿಟ್ಟು ಹೋಗಿ ನೋಡಿದರೆ ಮುಕ್ಕಾಲು ಪಾಲು ಡಬ್ಬಿಗಳು ಹಾಗೆಯೇ ಇದ್ದವು. ಅವಳಿಗೆ ಆ ಭಾರದ ಡಬ್ಬಿಯನ್ನು ಒಂದು ಕೈಯಲ್ಲಿ ಹಿಡಿಯಲಾಗುತ್ತಿರಲಿಲ್ಲ, ಮುಚ್ಚಳ ಗಡ್ಡೆಕಟ್ಟಿ ಬಿಗಿದುಕೊಂಡಿತ್ತು, ಒಳಗೇನಿದೆ ಎಂದು ಮಂಜು ಮುಸುಕಿದ ಗೋಡೆಯಿಂದ ಕಾಣುತ್ತಿರಲಿಲ್ಲ. ಅವಳು ಬ್ರೆಡ್ಡು ತಿಂದುಕೊಂಡು ದಿನ ಕಳೆದಿದ್ದಳು, ನನಗೆ ನೋವಾಗುತ್ತದೆಂದು ಹೇಳಿರಲಿಲ್ಲ.

ಆದ್ದರಿಂದ ಅಡುಗೆಗಿಂತ ಮೊದಲು ತಾಯಿಯವರ ಕೈಗಳನ್ನು ಗಮನಿಸಿ. ಮುನ್ನೂರು ಗ್ರಾಂ ಮೀರದ, ಒಂದೇ ಹೊತ್ತಿನ, ಹಗುರವಾದ ಚಪ್ಪಟೆ ಪಾಲುಗಳಾಗಿ ಮಾಡಿ. ಅವರು ಸುಲಭವಾಗಿ ತೆರೆಯಬಲ್ಲ ಮುಚ್ಚಳವೋ ಎಂದು ಒಮ್ಮೆ ಅವರಿಂದಲೇ ತೆರೆಸಿ ನೋಡಿ. ಅಗಿಯಲು ಕಷ್ಟವಾಗದ ಬೇಳೆ, ಕುಂಬಳ, ಮೆತ್ತಗೆ ಬೆಂದ ಕಾಳು, ಹಿಸುಕಿದ ಆಲೂಗೆಡ್ಡೆ, ಗಟ್ಟಿ ಸೂಪುಗಳನ್ನು ಹೆಚ್ಚಾಗಿ ಮಾಡಿ. ಒಂದೇ ಡಬ್ಬಿಯಲ್ಲಿ ಅನ್ನ ಒಂದು ಬದಿಗೆ ಗ್ರೇವಿ ಇನ್ನೊಂದು ಬದಿಗೆ ಇಟ್ಟರೆ ಎರಡೂ ಒಂದೇ ಹೊತ್ತಿಗೆ ಬಿಸಿಯಾಗುವುದಿಲ್ಲ. ಅನ್ನವನ್ನೂ ಬೇಳೆಯನ್ನೂ ಬೆರೆಸಿಯೇ ಇಡುವುದು ಮೇಲು.

ಮೊದಲ ಸಲ ಹೋದಾಗ ಒಂದು ಪಾಲನ್ನು ಅವರ ಓವನ್‌ನಲ್ಲೇ ಬಿಸಿಮಾಡಿ, ಎಷ್ಟು ನಿಮಿಷ ಬೇಕಾಯಿತೆಂದು ಗಡಿಯಾರ ನೋಡಿ ಗುರುತಿಸಿಕೊಳ್ಳಿ. ನಿಮ್ಮ ಮನೆಯ ಓವನ್‌ನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಆಮೇಲೆ ಪ್ರತಿ ಡಬ್ಬಿಯ ಮುಚ್ಚಳದ ಮೇಲೂ ಬಿಳಿ ಪಟ್ಟಿ ಅಂಟಿಸಿ, ಕನ್ನಡಕವಿಲ್ಲದೆಯೂ ಓದಬಲ್ಲ ದಪ್ಪ ಅಕ್ಷರಗಳಲ್ಲಿ ಬರೆಯಿರಿ: ಅಡುಗೆಯ ಹೆಸರು, ಮಾಡಿದ ದಿನಾಂಕ, "3 ನಿಮಿಷ, ಒಮ್ಮೆ ಕಲಕಿ, ಮತ್ತೆ 2 ನಿಮಿಷ, 2 ನಿಮಿಷ ಮುಚ್ಚಿಡಿ" ಎಂಬಷ್ಟು ಸ್ಪಷ್ಟವಾಗಿ, ನೀವು ಅಳೆದ ನಿಮಿಷಗಳೊಂದಿಗೆ. ಹಳೆಯವು ಮುಂದೆ, ಹೊಸವು ಹಿಂದೆ. ಮುಚ್ಚಳ ತೆಗೆಯುವಾಗ ಹಬೆ ಮುಖಕ್ಕೆ ಹೊಡೆಯದಂತೆ ತಮ್ಮಿಂದ ದೂರದ ಅಂಚನ್ನು ಮೊದಲು ಎತ್ತಬೇಕೆಂದು ಅವರಿಗೆ ಮಾಡಿ ತೋರಿಸಿ. ಓವನ್‌ನ ಪಕ್ಕದಲ್ಲೇ ದಪ್ಪ ಬಟ್ಟೆಯೊಂದನ್ನು ಮೊಳೆಗೆ ತೂಗುಹಾಕಿ ಬನ್ನಿ. ಮುಂದಿನ ಸಲ ಹೋದಾಗ ಯಾವ ಡಬ್ಬಿಗಳು ಉಳಿದಿವೆ ಎಂದು ನೋಡಿ. ಇಷ್ಟವಾಗಲಿಲ್ಲವೆಂದು ಅವರು ಬಾಯಿಬಿಟ್ಟು ಹೇಳದಿದ್ದರೂ ಅವರಿಗೆ ಯಾವುದು ಸೇರಲಿಲ್ಲ, ಯಾವುದು ಕಷ್ಟವಾಯಿತು ಎಂಬುದು ಆ ಡಬ್ಬಿಗಳಿಂದ ತಿಳಿಯುತ್ತದೆ.